ಕೆಂಪೆಲೆ ನೋಡಲು ಎಲ್ಲಿಗೆ ಹೋಗೋಣ?

ಮಕ್ಕಳೇ, ಮಕ್ಕಳ ಜೊತೆ ಕೂತು ಓದುವ ಅಜ್ಜ-ಅಜ್ಜಿಯರೇ,

ಜಪಾನಿನ ಹೊನ್ಶು ದ್ವೀಪದ ಉತ್ತರ ಭಾಗಕ್ಕೆ ತೊಹೊಕು ಎಂದು ಹೆಸರು. ಅಲ್ಲಿ ತೊವಾದ ಎಂಬ ದೊಡ್ಡ ಸರೋವರವಿದೆ. ಅದರಿಂದ ಒಇರಾಸೆ ಎಂಬ ಹೊಳೆ ಹೊರಟು ಕಾಡಿನೊಳಗೆ ಹರಿಯುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಹೊಳೆಯ ಎರಡೂ ದಂಡೆಯ ಮರಗಳು ಹಳದಿ, ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುತ್ತವೆ. ಹೀಗೆ ಬಣ್ಣದೆಲೆ ನೋಡಲು ಹೋಗುವುದಕ್ಕೆ ಜಪಾನೀಯರು ‘ಮೊಮಿಜಿಗಾರಿ’ ಎನ್ನುತ್ತಾರೆ. ಹಾಗೆಂದರೆ ಕೆಂಪೆಲೆಯ ಬೇಟೆ! ಬಿಲ್ಲು-ಬಾಣ ಬೇಡದ ಬೇಟೆ. ಬುತ್ತಿ ಕಟ್ಟಿಕೊಂಡು ಹೋಗಿ, ಕಣ್ತುಂಬ ನೋಡಿ ಬಂದರಾಯಿತು.

ನನ್ನ ಮೊಮ್ಮಗಳು ಏಳನೇ ತರಗತಿಯಲ್ಲಿದ್ದಾಳೆ. ಬರುವ ಜೂನಿನಲ್ಲಿ ಹುಮನಾಬಾದ್ ಬಿಟ್ಟು ಬೇರೆ ಊರಿನ ವಸತಿ ಶಾಲೆಗೆ ಸೇರುವವಳು. ಅದಕ್ಕೂ ಮೊದಲು ನಾವಿಬ್ಬರೂ ಎಲ್ಲಿಗಾದರೂ ಹೋಗಿ ಬರಬೇಕೆಂದು ಅವಳ ಹಟ. ತೊಹೊಕುವಿನ ಚಿತ್ರ ತೋರಿಸಿ, “ಮುತ್ಯಾ, ಇಲ್ಲಿಗೇ ಹೋಗೂಣು” ಎಂದಳು. ನನಗೆ ಎಪ್ಪತ್ತಮೂರು. ಬಸ್ಸಿನ ಮೆಟ್ಟಿಲು ಹತ್ತಿದರೇ ಮೊಣಕಾಲು ನೋಯುತ್ತದೆ. ವಿಮಾನದ ಖರ್ಚಂತೂ ನನ್ನ ಪಿಂಚಣಿಗೆ ನಿಲುಕದು. ಆದರೂ ಬೇಡ ಎನ್ನಲಿಲ್ಲ. “ಮೊದಲ ಒಂದು ನೋಟ್‌ಬುಕ್ ತಗೋ. ಎಲ್ಲಿಗೆ, ಯಾವಾಗ, ಹೆಂಗ ಅಂತ ಬರಿ” ಎಂದೆ.

‘ಎಲ್ಲಿಗೆ’ ಬರೆಯುವುದು ಸುಲಭವಾಯಿತು. ‘ಯಾವಾಗ’ ಎಂಬಲ್ಲಿ ಪೆನ್ನು ನಿಂತಿತು. ಬಣ್ಣ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಉತ್ತರದ ಹೊಕ್ಕೈಡೋ ದ್ವೀಪದ ಬೆಟ್ಟಗಳಲ್ಲಿ ಶುರುವಾಗಿ, ಮೆಲ್ಲಗೆ ದಕ್ಷಿಣಕ್ಕಿಳಿದು, ಕ್ಯೋಟೋ ನಗರ ಮುಟ್ಟುವ ಹೊತ್ತಿಗೆ ನವೆಂಬರ್ ಮುಗಿಯುತ್ತಾ ಬಂದಿರುತ್ತದೆ. ಬೆಟ್ಟದ ಮೇಲೆ ಮೊದಲು, ತಪ್ಪಲಲ್ಲಿ ಆಮೇಲೆ. ಚಳಿ ತಡವಾದ ವರ್ಷ ಬಣ್ಣವೂ ತಡ. ಅದಕ್ಕೇ ಅಲ್ಲಿನ ಹವಾಮಾನ ಇಲಾಖೆ 1953ರಿಂದ ಆಯ್ದ ಮರಗಳನ್ನು ಗುರುತು ಮಾಡಿಟ್ಟುಕೊಂಡು, ಅವು ಯಾವ ದಿನ ಹೂಬಿಟ್ಟವು, ಯಾವ ದಿನ ಎಲೆ ಬಣ್ಣ ತಿರುಗಿತು ಎಂದು ವರ್ಷವರ್ಷವೂ ದಾಖಲಿಸುತ್ತಿದೆ.

ಇದನ್ನು ಓದಿದ ಮೊಮ್ಮಗಳು ಕೇಳಿದಳು, “ಮುತ್ಯಾ, ನಮ್ಮ ಗಿಡಗಳು ಯಾಕ ಕೆಂಪಾಗಂಗಿಲ್ಲ?”

“ಆಗ್ತಾವ. ನೀ ಪರೀಕ್ಷಾಕ್ಕ ಓದ್ಕೋತ ಕುಂತಿರ್ತಿ, ಆವಾಗ ಆಗ್ತಾವ” ಎಂದೆ.

ಹೇಗೆಂದು ಹೇಳುತ್ತೇನೆ, ಕೇಳಿ. ಎಲೆಗೆ ಹಸಿರು ಬರುವುದು ಪತ್ರಹರಿತ್ತಿನಿಂದ. ಚಳಿ ಹತ್ತಿರವಾದಾಗ ಜಪಾನಿನ ಮರಗಳು ಅದನ್ನು ಒಡೆದು, ಎಲೆಯಲ್ಲಿದ್ದ ಸಾರವನ್ನು ಕೊಂಬೆಗೂ ಕಾಂಡಕ್ಕೂ ಎಳೆದುಕೊಳ್ಳುತ್ತವೆ. ಹಸಿರು ಹೋದ ಮೇಲೆ ಅದರಡಿ ಅಡಗಿದ್ದ ಹಳದಿ ಕಾಣುತ್ತದೆ. ಮೇಪಲ್‌ನಂಥ ಮರಗಳ ಎಲೆಯಲ್ಲಿ ಆಂಥೋಸಯನಿನ್ ಎಂಬ ಕೆಂಪು ಬಣ್ಣ ಹೊಸದಾಗಿ ತಯಾರಾಗುತ್ತದೆ. ಆಮೇಲೆ ಎಲೆ ಉದುರುತ್ತದೆ.

ನಮ್ಮ ಬೀದರ್ ಸೀಮೆಯಲ್ಲಿ ಮರಗಳು ಎಲೆ ಉದುರಿಸುವುದು ನೀರಿನ ಕೊರತೆಗೆ ಹೆದರಿ. ಎಲೆಯಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಮಳೆ ನಿಂತು ನೆಲ ಒಣಗಿದಾಗ ತೇಗ, ಮುತ್ತಲದಂಥ ಮರಗಳು ಎಲೆ ಕೆಡವಿ ನೀರು ಉಳಿಸಿಕೊಳ್ಳುತ್ತವೆ. ಆಗ ನಮಗೆ ಕಾಣುವುದು ಬರೀ ಹಳದಿ, ಕಂದು. ಆದರೆ ಯುಗಾದಿಯ ಆಚೀಚೆ ಅರಳಿಮರ ನೋಡಿ. ಎಳೆ ಚಿಗುರು ತಾಮ್ರದ ತಗಡಿನಂತೆ ಹೊಳೆಯುತ್ತದೆ. ಮಾವಿನ ಚಿಗುರು, ಬೇವಿನ ಚಿಗುರು ಕೂಡ ಕೆಂಪೇ. ಈ ಕೆಂಪೂ ಅದೇ ಆಂಥೋಸಯನಿನ್! ಎಳೆಯ ಎಲೆಗೆ ಹಸಿರಿನ್ನೂ ಪೂರ್ತಿ ಕೂಡಿರುವುದಿಲ್ಲ. ಸುಡು ಬಿಸಿಲಿನಿಂದ ಅದನ್ನು ಕಾಪಾಡಲು ಈ ಬಣ್ಣ ಕೊಡೆ ಹಿಡಿಯುತ್ತದೆ ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ. ಜಪಾನಿನ ಎಲೆ ಹೋಗುವಾಗ ಕೆಂಪು. ನಮ್ಮ ಎಲೆ ಬರುವಾಗ ಕೆಂಪು.

ಇಷ್ಟು ಗೊತ್ತಾದ ಮೇಲೆ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಎರಡು ಪ್ರವಾಸ ಬರೆದೆವು.

ಮೊದಲನೆಯದು ಬಸವಕಲ್ಯಾಣಕ್ಕೆ, ಹೋಳಿ ಹುಣ್ಣಿಮೆಯ ಹತ್ತಿರದ ಭಾನುವಾರ. ಅದು ಮುತ್ತಲ ಹೂವಿನ ಕಾಲ. ಪುಸ್ತಕದಲ್ಲಿ ಇದಕ್ಕೆ ಮುತ್ತುಗ, ಪಲಾಶ ಎಂಬ ಹೆಸರುಗಳಿವೆ. 1757ರಲ್ಲಿ ಯುದ್ಧ ನಡೆದ ಪ್ಲಾಸಿಗೆ ಹೆಸರು ಬಂದದ್ದೂ ಈ ಪಲಾಶದಿಂದಲೇ. ಮೈಮೇಲೆ ಎಲೆಯಿಲ್ಲದ ಮರ, ಗಿಳಿಯ ಕೊಕ್ಕಿನಂತೆ ಬಾಗಿದ ಕೆಂಡದ ಬಣ್ಣದ ಹೂಗಳು, ಮಕರಂದ ಹೀರಲು ಜಗಳಾಡುವ ಗೊರವಂಕ, ಸೂರಕ್ಕಿಗಳು. ಬೆಳಗಿನ ಮೊದಲ ಬಸ್ಸಿಗೆ ಹೊರಟು, ಕಿಟಕಿಯಿಂದ ನೋಡುತ್ತಾ ಸಾಗಿ, ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಣ್ಣನವರು ಬಾಳಿದ ಆ ಊರಲ್ಲಿ ಕೋಟೆ ಸುತ್ತಿ, ಬಿಸಿಲೇರುವುದರೊಳಗೆ ವಾಪಸ್.

ಎರಡನೆಯದು ಯುಗಾದಿಯ ಮೇಲೆ, ಪರೀಕ್ಷೆ ಮುಗಿದಾಗ, ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ. 2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಚಂದ್ರಂಪಳ್ಳಿ ಜಲಾಶಯ ಇರುವುದು ಇಲ್ಲೇ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಬೇಕು. ಒಣ ಎಲೆ ಹಾಸಿರುವ ಕಾಲವಾದ್ದರಿಂದ ಕಡ್ಡಿಪೆಟ್ಟಿಗೆ ಮನೆಯಲ್ಲೇ ಇರಲಿ ಎಂದು ಮೊಮ್ಮಗಳು ಕೆಳಗೆ ಗೆರೆ ಎಳೆದು ಬರೆದಿದ್ದಾಳೆ. ಎರಡೂ ಪ್ರವಾಸಕ್ಕೆ ಬುತ್ತಿ ಒಂದೇ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬಾಟಲಿ ತುಂಬ ಮಜ್ಜಿಗೆ.

ಯೋಜನೆಯಲ್ಲಿ ನಾನು ಸೇರಿಸಿದ ಕೆಲಸ ಒಂದಿದೆ. ನಾನು ಚಿಕ್ಕವನಿದ್ದಾಗ ಹೊಲದ ಬದುವಿನ ಮೇಲೆಲ್ಲ ಮುತ್ತಲ ಗಿಡಗಳಿದ್ದವು. ಮದುವೆ ಗೊತ್ತಾದ ಮನೆಯಲ್ಲಿ ಹೆಂಗಸರು ಕೂತು ಅದರ ಎಲೆಯಿಂದ ಪತ್ರಾವಳಿ ಹಚ್ಚುತ್ತಿದ್ದರು. ಹೋಳಿಗೆ ಹೂವನ್ನು ರಾತ್ರಿ ನೀರಲ್ಲಿ ನೆನೆಹಾಕಿದರೆ ಬೆಳಗ್ಗೆ ಕೇಸರಿ ಬಣ್ಣದ ಓಕುಳಿ ಸಿದ್ಧ. ಈಗ ತಟ್ಟೆ ಅಂಗಡಿಯಿಂದ ಬರುತ್ತದೆ, ಬಣ್ಣ ಪುಡಿಕೆಯಲ್ಲಿ ಬರುತ್ತದೆ. ಉಪಯೋಗ ತಪ್ಪಿದ ಗಿಡವನ್ನು ಬದುವಿನ ಮೇಲೆ ಯಾರು ಉಳಿಸುತ್ತಾರೆ? ನಮ್ಮ ಹೊಲದಲ್ಲಿ ಈಗ ಒಂದೂ ಇಲ್ಲ.

ಅದಕ್ಕೆ ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಬಸ್ಸಿನ ಕಿಟಕಿಯಿಂದ ಹೂಬಿಟ್ಟ ಮುತ್ತಲ ಗಿಡಗಳನ್ನು ಎಣಿಸುವುದು. ಹೋಗುವಾಗ ಎಡಗಡೆಯವು ಅವಳ ಲೆಕ್ಕಕ್ಕೆ, ಬಲಗಡೆಯವು ನನ್ನ ಲೆಕ್ಕಕ್ಕೆ. ಮುಂದಿನ ಹೋಳಿಗೆ ಅವಳು ಹಾಸ್ಟೆಲ್ಲಿನಲ್ಲಿರುತ್ತಾಳೆ. ಎರಡೂ ಕಡೆಯ ಲೆಕ್ಕ ನಾನೊಬ್ಬನೇ ಮಾಡಿ ಕಾಗದ ಬರೆಯಬೇಕು ಎಂದು ಈಗಲೇ ಮಾತು ತೆಗೆದುಕೊಂಡಿದ್ದಾಳೆ. ಹೋಗುವಾಗ ಎಡಗಡೆ ಕೂತು ಎಣಿಸಿದರೆ, ಬರುವಾಗ ಅವೇ ಗಿಡಗಳನ್ನು ಎರಡನೇ ಸಲ ಎಣಿಸಬಾರದಲ್ಲ? ಹಾಗಾದರೆ ಬರುವಾಗ ನಾನು ಯಾವ ಕಡೆ ಕೂರಬೇಕು? ಈ ಲೆಕ್ಕ ನಿಮಗೇ ಬಿಟ್ಟೆ, ಮಕ್ಕಳೇ.

ಸಂಕ್ರಾಂತಿ ಮುಗಿದಿದೆ, ಹೋಳಿಗೆ ಇನ್ನೂ ದಿನಗಳಿವೆ. ನೀವೂ ನಿಮ್ಮ ಅಜ್ಜ, ಅಜ್ಜಿ, ಮುತ್ಯಾ, ಯಾರಿದ್ದಾರೋ ಅವರ ಜೊತೆ ಮನೆಯ ಹತ್ತಿರದ ಒಂದು ಮರ ಆರಿಸಿಕೊಳ್ಳಿ. ಅರಳಿ, ಬೇವು, ಮಾವು, ಮುತ್ತಲ, ಯಾವುದಾದರೂ ಸರಿ. ಮೂರು ತಾರೀಖು ಬರೆದಿಡಿ: ಎಲೆ ಉದುರತೊಡಗಿದ ದಿನ, ಮೊದಲ ಹೂ ಕಂಡ ದಿನ, ಮೊದಲ ಕೆಂಪು ಚಿಗುರು ಕಂಡ ದಿನ. ಹಿಂದೆ ಆ ಮರ ಯಾವಾಗ ಚಿಗುರುತ್ತಿತ್ತೆಂದು ಹಿರಿಯರನ್ನು ಕೇಳಿ, ಅದನ್ನೂ ಪಕ್ಕದಲ್ಲೇ ಬರೆಯಿರಿ. ಯುಗಾದಿ ಕಳೆದ ಮೇಲೆ ನಿಮ್ಮ ತಾರೀಖುಗಳನ್ನು ನನಗೆ ಕಳಿಸಿ. ಯಾವ ಊರಲ್ಲಿ ಕೆಂಪು ಮೊದಲು ಬಂತು ಎಂದು ಈ ಪುಟದಲ್ಲೇ ನೋಡೋಣ.