ಹತ್ತಕ್ಕೆ ನಿಂತ ಮಗ್ಗಿ



ಮಕ್ಕಳಿಗೆ ಹತ್ತರವರೆಗಿನ ಮಗ್ಗಿ ಬಂದರೆ ಸಾಕು, ಅದರಾಚೆಯದೆಲ್ಲ ವೃಥಾ ಹೊರೆ ಎಂಬ ಮಾತು ಈಗ ಮನೆಮನೆಗಳಲ್ಲಿ ಕೇಳಿಬರುತ್ತಿದೆ. ಹಾಗೆನ್ನುವವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ಈ ಮಾತನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ಮೊದಲು ಎದುರು ಪಕ್ಷದ ನ್ಯಾಯವನ್ನು ಹೇಳಿಬಿಡುತ್ತೇನೆ. ಹತ್ತರವರೆಗಿನ ಮಗ್ಗಿಯೂ ದಶಕ ಹಿಡಿಯುವ ಕ್ರಮವೂ ತಿಳಿದಿದ್ದರೆ ಎಷ್ಟು ದೊಡ್ಡ ಗುಣಾಕಾರವನ್ನಾದರೂ ಮಾಡಬಹುದು, ಇದು ನಿಜ. ಕಲಿಕೆಯು ಕಂಠಪಾಠದಿಂದ ಬಿಡುಗಡೆ ಹೊಂದಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು, ಅದೂ ಸರಿಯೇ. ಆದರೆ ಅರ್ಥವಿಲ್ಲದ ಕಂಠಪಾಠ ಬೇಡವೆಂದರೆ ದೊಡ್ಡ ಸಂಖ್ಯೆಗಳಲ್ಲಿ ಎಣಿಸುವುದೇ ಬೇಡವೆಂದು ಅರ್ಥವಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಯಾವ ಜಾಣತನ?

ಹತ್ತೊಂಬತ್ತನ್ನೇ ತೆಗೆದುಕೊಳ್ಳಿ. 19, 38, 57, 76, 95, 114, 133, 152, 171, 190. ಬಿಡಿಸ್ಥಾನವನ್ನು ನೋಡಿ: 9, 8, 7, 6 ಎಂದು ಒಂದೊಂದಾಗಿ ಇಳಿದು ಸೊನ್ನೆಗೆ ಬರುತ್ತದೆ. ಅದರ ಎಡಗಡೆ 1, 3, 5, 7 ಎಂದು ಬೆಸಸಂಖ್ಯೆಗಳು ಏರುತ್ತ 19ಕ್ಕೆ ಮುಟ್ಟುತ್ತವೆ. ಹತ್ತೊಂಬತ್ತನ್ನು ಕೂಡುವುದೆಂದರೆ ಇಪ್ಪತ್ತು ಕೂಡಿ ಒಂದು ಕಳೆಯುವುದು, ಅಷ್ಟೇ ಗುಟ್ಟು. ಇದನ್ನು ತಾನೇ ಕಂಡುಕೊಂಡ ಮಗುವಿಗೆ ಬಾಯಿಪಾಠದ ಅಗತ್ಯವೇ ಇಲ್ಲ. ಮಳವಳ್ಳಿಯ ಸಂತೆಯಲ್ಲಿ 99 ರೂಪಾಯಿಯ ಏಳು ಟವೆಲ್ ಕೊಂಡರೆ ಏಳುನೂರರಲ್ಲಿ ಏಳು ಕಡಿಮೆ, 693 ಎಂದು ಅದು ಥಟ್ಟನೆ ಹೇಳಬಲ್ಲದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯಿಗೆ 37 ರೂಪಾಯಿ ಎಂದುಕೊಳ್ಳೋಣ. ಮೂರಕ್ಕೆ 111, ಆರಕ್ಕೆ 222, ಒಂಬತ್ತಕ್ಕೆ 333.

ಇನ್ನೊಂದು ನಿಯಮವನ್ನು ಗಮನಿಸಿ. 1, 3, 7 ಅಥವಾ 9ರಲ್ಲಿ ಕೊನೆಗೊಳ್ಳುವ ಸಂಖ್ಯೆಯಂತೆ ಎಣಿಸುತ್ತ ಹೋದರೆ ಬಿಡಿಸ್ಥಾನದಲ್ಲಿ ಹತ್ತೂ ಅಂಕಿಗಳು ಸರದಿಯಂತೆ ಬರುತ್ತವೆ. 2, 4, 6 ಅಥವಾ 8ರಲ್ಲಿ ಕೊನೆಗೊಂಡರೆ ಐದೇ ಅಂಕಿಗಳು. 5ರಲ್ಲಿ ಕೊನೆಗೊಂಡರೆ ಎರಡೇ. ಹತ್ತರೊಡನೆ ಆ ಅಂಕಿಗಿರುವ ಸಾಮಾನ್ಯ ಅಪವರ್ತನವೇ ಇದಕ್ಕೆ ಕಾರಣ. ಪ್ರೌಢಶಾಲೆಯಲ್ಲಿ ಮಕ್ಕಳು ಹೆದರುವ ಮಸಾಅ, ಲಸಾಅಗಳ ಬೀಜ ಇಲ್ಲಿಯೇ ಇದೆ. ಹತ್ತಕ್ಕೇ ಮಗ್ಗಿಯನ್ನು ನಿಲ್ಲಿಸಿದ ಮಗುವಿಗೆ ಈ ಕ್ರಮವು ವಿಸ್ತಾರವಾಗಿ ಕಾಣುವ ಅವಕಾಶವೇ ಸಿಗುವುದಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ, 139ನ್ನು 109ರಿಂದ ಗುಣಿಸಿದರೆ 15151. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ನಮ್ಮ ತಂದೆಯ ತಲೆಮಾರಿನವರಿಗೆ ಹದಿನಾರರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ನಿತ್ಯದ ವ್ಯವಹಾರಕ್ಕೆ ಬೇಕಾಗಿದ್ದವು. ಆಣೆ ಹೋಯಿತು, ವ್ಯವಹಾರ ಹೋಗಿದೆಯೇ?

“ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ ಸಾರ್?” ಎನ್ನುತ್ತೀರಿ. ಇದೆ. ಆದರೆ ತಪ್ಪು ಗುಂಡಿ ಒತ್ತಿದರೆ ಅದು ತಪ್ಪು ಉತ್ತರವನ್ನೇ ನಿಸ್ಸಂಕೋಚವಾಗಿ ತೋರಿಸುತ್ತದೆ. ಅದು ತಪ್ಪೆಂದು ಹೇಳಬೇಕಾದವರು ಯಾರು? ಕಬ್ಬಿನ ನಾಡಾದ ನಮ್ಮ ಮಂಡ್ಯದ ಲೆಕ್ಕವನ್ನೇ ನೋಡೋಣ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇಕಡಾ 10.25 ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ರೂಪಾಯಿ ನಿಗದಿ ಮಾಡಿತು. ಈ ದರದಲ್ಲಿ ಎರಡು ಟನ್ನಿಗೆ 7,100. ಆದ್ದರಿಂದ ಸಮಸಂಖ್ಯೆಯ ಟನ್ನುಗಳ ಮೊತ್ತ 00ಯಲ್ಲಿಯೇ ಕೊನೆಗೊಳ್ಳಬೇಕು, ಬೆಸಸಂಖ್ಯೆಯದು 50ರಲ್ಲಿ. ಹದಿನೆಂಟು ಟನ್ನಿಗೆ ಒಂಬತ್ತು ಸಲ 7,100, ಅಂದರೆ 63,900, ಹದಿನೇಳಕ್ಕೆ 60,350. ಹದಿನೇಳು ಟನ್ನಿನ ಮೇಲೆ ಒಂದಿಷ್ಟು ಕಿಲೋ ತೂಗಿದ್ದರೆ ಕಡಿತಗಳಿಗೆ ಮುನ್ನಿನ ಮೊತ್ತ ಇವೆರಡರ ನಡುವೆಯೇ ಇರಬೇಕು. ಇಷ್ಟನ್ನು ಬಲ್ಲ ಮನೆಯ ಹುಡುಗಿ ರಸೀದಿಯನ್ನು ನೋಡಿದ ಮಾತ್ರಕ್ಕೆ “ಅಪ್ಪಾ, ಇದು ಸರಿಯಿಲ್ಲ, ಇನ್ನೊಮ್ಮೆ ಕೇಳಿ” ಎನ್ನಬಲ್ಲಳು. ಇದನ್ನು ಬಲ್ಲವರಿಲ್ಲದ ಮನೆ ಕೊಟ್ಟಷ್ಟನ್ನು ಇಸಿದುಕೊಂಡು ಬರಬೇಕಾಗುತ್ತದೆ. ವರ್ಷದ ಬೆವರಿನ ಮಾತಿದು. ಪರೀಕ್ಷೆಯ ಅಂಕದ ಮಾತಲ್ಲ.

ಹಾಗೆಂದು ಬೆತ್ತ ಹಿಡಿದು ಮೂವತ್ತರವರೆಗೆ ಒಪ್ಪಿಸಿಕೊಳ್ಳುವವರ ಪಕ್ಷವೂ ನನ್ನದಲ್ಲ. ಕೂಗಿಸುವುದು ಕಲಿಸಿದಂತಲ್ಲ. ನಿಮ್ಮ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಈ ಭಾನುವಾರ ಹತ್ತಿರ ಕೂರಿಸಿಕೊಂಡು 19ರಂತೆ ಎಣಿಸಿ ಬರೆಯಲು ಹೇಳಿ. ಗುಟ್ಟನ್ನು ನೀವು ಬಿಡಬೇಡಿ, “ಏನು ಕಾಣುತ್ತಿದೆ?” ಎಂದಷ್ಟೇ ಕೇಳಿ, ಸುಮ್ಮನೆ ಕಾಯಿರಿ. ಆಮೇಲೆ 37, ಆಮೇಲೆ 125, ಕೊನೆಗೆ 3,550. ಮಗು ಏನು ಕಂಡಿತೆಂಬುದನ್ನು ಮರೆಯದೆ ನನಗೆ ತಿಳಿಸಿ.