ಸೋಮವಾರದ ಪರಿಷೆ, ಭಾನುವಾರದ ನೂಕುನುಗ್ಗಲು

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೇ ಸೋಮವಾರದ್ದು. ಪಂಚಾಂಗ ಹಾಗೆ ಹೇಳುತ್ತೆ. ಬೆಂಗಳೂರಿನ ಜನಕ್ಕೆ ಮಾತ್ರ ಪಂಚಾಂಗಕ್ಕಿಂತ ರಜೆ ಮುಖ್ಯ. ಶನಿವಾರ ಸಂಜೆಗೇ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರವಂತೂ ರಾಮಕೃಷ್ಣ ಆಶ್ರಮದ ವೃತ್ತದಿಂದಲೇ ತಳ್ಳಾಟ. ಸೋಮವಾರ ದೊಡ್ಡ ಬಸವನಿಗೆ ಪೂಜೆ ಆಗುವ ಹೊತ್ತಿಗೆ ಅರ್ಧ ಊರು ಕಾಯಿ ತಿಂದು, ಸಿಪ್ಪೆ ಉದುರಿಸಿ ಮನೆ ಸೇರಿರುತ್ತೆ. 2025ರಲ್ಲಿ ನವೆಂಬರ್ 17ರ ಸೋಮವಾರದಿಂದ ಪರಿಷೆಯನ್ನು ಐದು ದಿನಕ್ಕೆ ಹಿಗ್ಗಿಸಿದ್ದಕ್ಕೆ ಈ ಜನಸಾಗರವೇ ಕಾರಣ.

ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುತ್ತಿದ್ದರು ಎಂಬುದು ಹಳೇ ಕಥೆ. ಆ ಹಳ್ಳಿಗಳಲ್ಲಿ ಈಗ ಕಡಲೆ ಗಿಡ ಹುಡುಕಿದರೆ ಸಿಗೋದು ಮಹಡಿ ಮನೆ. ಕಾಯಿ ಮಾಗಡಿ, ಚಿಂತಾಮಣಿ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಬರುತ್ತೆ. ತಂದವರು ಫುಟ್‌ಪಾತಿನಲ್ಲೇ ರಾತ್ರಿ ಕಳೆದು, ಸೇರು ಹಿಡಿದು ಕೂರುತ್ತಾರೆ. ಬಂದವರು ಅರ್ಧ ಸೇರಿಗೆ ಹತ್ತು ನಿಮಿಷ ಚೌಕಾಸಿ ಮಾಡಿ, ಪಕ್ಕದ ಅಂಗಡಿಯಲ್ಲಿ ಮಿರ್ಚಿ ಬಜ್ಜಿಗೆ ಕೇಳಿದಷ್ಟು ಕೊಡುತ್ತಾರೆ. ಕಾಯಿ ನೆಪ, ತಿರುಗಾಟವೇ ಮುಖ್ಯ. ರಸ್ತೆಗೆ ಅಡ್ಡಕಟ್ಟೆ ಬಿದ್ದ ಮೇಲೆ ಅಲ್ಲಿನ ಕಾಯಂ ಅಂಗಡಿಯವರ ಗತಿ? ಔಷಧಿಯೋ ಪಾತ್ರೆಯೋ ಮಾರುವವನ ಬಾಗಿಲ ಮುಂದೆ ಲಕ್ಷ ಜನ ಹಾದುಹೋದರೂ ಗಿರಾಕಿ ಒಬ್ಬನಿಲ್ಲ.

ವಿ.ವಿ. ಪುರಂ ತಿಂಡಿ ಬೀದಿಯದೂ ಇದೇ ಹಾಡು. ಸಜ್ಜನ್ ರಾವ್ ವೃತ್ತದ ಬಳಿಯ ಆ ಗಲ್ಲಿಯಲ್ಲಿ ಅವರೆಬೇಳೆ ದೋಸೆ, ಹಿತಕಬೇಳೆ ಸಾರಿನ ಮೇಳಕ್ಕೆ ಜಾಗ ಸಾಲದೇ ಹೋಗಿ, 2023ರಲ್ಲಿ ಮೇಳ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಮೈದಾನಕ್ಕೆ ಹೋದದ್ದು ಒಳ್ಳೇದೇ ಆಯಿತು. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಉಸಿರಾಡಲಾದರೂ ಜಾಗ ಸಿಕ್ಕಿತು.

ಗೇಟು ಇರುವ ಕಡೆಯ ಕಥೆ ಬೇರೆ. 2023ರ ನವೆಂಬರ್ 12, ದೀಪಾವಳಿಯ ಭಾನುವಾರ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ನೆದರ್ಲೆಂಡ್ಸ್ ನಡುವೆ ವಿಶ್ವಕಪ್ ಪಂದ್ಯ. ಅಂಥ ದಿನ ಚರ್ಚ್ ಸ್ಟ್ರೀಟ್, ಎಂ.ಜಿ. ರಸ್ತೆಯ ಹೋಟೆಲಿನವರಿಗೆ ಎರಡು ಹಬ್ಬ. ಆದರೆ 2025ರ ಜೂನ್ 4ರಂದು, ಐಪಿಎಲ್ ಗೆದ್ದ ಮಾರನೇ ದಿನ, ವಿಜಯೋತ್ಸವ ನೋಡಲು ಬಂದ ಜನ ಅದೇ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಅದು ಭಾನುವಾರವೂ ಅಲ್ಲ, ಬುಧವಾರ. ಒಳಗೆ ಹಿಡಿಸುವುದು 30 ಸಾವಿರ ಚಿಲ್ಲರೆ, ಹೊರಗೆ ನಿಂತವರು ಲಕ್ಷಗಟ್ಟಲೆ. ಪರಿಷೆಗೆ ಬಾಗಿಲಿಲ್ಲ, ಅತ್ತ ನುಗ್ಗಿದವರು ಇತ್ತ ಹೊರಬರುತ್ತಾರೆ. ಮುಚ್ಚಿದ ಗೇಟಿನ ಮುಂದೆ ನಿಂತವನಿಗೆ ಆ ದಾರಿಯಿಲ್ಲ. ಆಮೇಲೆ ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ, ಮಹಾರಾಜ ಟ್ರೋಫಿ ಮೈಸೂರಿಗೆ ಹೋದವು. ಪಂದ್ಯ ಹೋದ ಕಡೆಗೇ ವ್ಯಾಪಾರವೂ ಹೋಗುತ್ತೆ.

ಈ ವ್ಯಾಪಾರದ ಲೆಕ್ಕ ಯಾರು ಇಡುತ್ತಾರೆ ಅನ್ನುವುದು 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ಗೊತ್ತಾಯಿತು. ಯುಪಿಐ ಮೂಲಕ ಬಂದ ಹಣ ಕೂಡಿ ನೋಡಿದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ‘ನಗದು ಮಾತ್ರ’ ಎಂಬ ಚೀಟಿಗಳು ಅಂಗಡಿ ಅಂಗಡಿಯಲ್ಲಿ ನೇತಾಡಿದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಆಗಿನ ಮಿತಿಯ ಲೆಕ್ಕ ಗಮನಿಸಬೇಕಾದ್ದೇ. ಸರಕು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ ಸುಮಾರು 11 ಸಾವಿರ. ತಿಂಡಿ ಬಡಿಸುವುದು ಸೇವೆಯಾದ್ದರಿಂದ 20 ಲಕ್ಷ, ದಿನಕ್ಕೆ ಐದೂವರೆ ಸಾವಿರ. ಇದು ವಹಿವಾಟು ಸ್ವಾಮಿ, ಲಾಭ ಅಲ್ಲ. ಎಣ್ಣೆ, ಗ್ಯಾಸು, ಹುಡುಗರ ಕೂಲಿ ಎಲ್ಲ ಇದರಲ್ಲೇ ಬಂತು. ವಾರವೆಲ್ಲ ನೊಣ ಹೊಡೆದು ಶನಿವಾರ, ಭಾನುವಾರ ಕೈತುಂಬ ದುಡಿಯುವ ದೋಸೆಯವನು ಆ ಎರಡೇ ಸಂಜೆಗಳ ಬಲದಿಂದ ಗೆರೆ ದಾಟಿಬಿಡಬಹುದು.

ಇನ್ನು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತುಮಕೂರು, ಕೋಲಾರದ ಹೆಂಗಸರೂ ಮೇಳ ನೋಡಿಕೊಂಡು ಸಂಜೆಗೆ ವಾಪಸಾಗಬಹುದು. ಚೀಟಿ ಹರಿಸಬೇಕಾದವರು ಗಂಡಸರು. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿತು. ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ದರವಾದರೂ ಹೋಗಲಿ, ಬಸ್ಸು ಬರಬೇಕಲ್ಲ. ಭಾನುವಾರ ಕಚೇರಿಗೆ ರಜೆ ಎಂದು ಬಿಎಂಟಿಸಿ ಟ್ರಿಪ್ಪು ಕಡಿಮೆ ಮಾಡುತ್ತೆ. ಕಚೇರಿಗೆ ಹೋಗದ ಜನ ಅವತ್ತು ಹೆಂಡತಿ ಮಕ್ಕಳ ಸಮೇತ ಗಾಂಧಿ ಬಜಾರಿಗೆ ಹೊರಡುತ್ತಾರೆ ಎಂಬುದು ವೇಳಾಪಟ್ಟಿ ಬರೆಯುವವರ ತಲೆಗೆ ಇನ್ನೂ ಹೋಗಿಲ್ಲ. ಪರಿಷೆಯ ದಿನ ಬಸ್ಸುಗಳು ಬೇರೆ ರಸ್ತೆ ಹಿಡಿಯುತ್ತವೆ. ಯಾವ ರಸ್ತೆ ಎಂದು ನಿಲ್ದಾಣದಲ್ಲಿ ಒಂದು ಬೋರ್ಡು ಬರೆದಿಟ್ಟರೂ ಸಾಕು, ರಾತ್ರಿ ಒಂಬತ್ತರ ಮೇಲೆ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಮಾರ್ಕೆಟ್‌ವರೆಗೂ ನಡೆಯುವುದು ತಪ್ಪುತ್ತೆ.