ಉತ್ತರ ಕೊಡದವರು ಎಷ್ಟು ಜನ?

ಎಕ್ಸಿಟ್ ಪೋಲ್ ಬಂದ ಸಂಜೆ ಎಲ್ಲರೂ ಕೇಳೋದು ಒಂದೇ, ಯಾರಿಗೆ ಎಷ್ಟು ಸೀಟು? ನನಗೆ ಬೇಕಿರೋದು ಬೇರೆ ಲೆಕ್ಕ. ಉತ್ತರ ಕೊಡದೆ ಹೋದವರು ಎಷ್ಟು ಜನ?

ಈ ಪ್ರಶ್ನೆ ನನಗೆ ಅಂಟಿಕೊಂಡಿದ್ದು 1996ರಲ್ಲಿ. ದೂರದರ್ಶನದವರು ಸಿ.ಎಸ್.ಡಿ.ಎಸ್. ಕೈಲಿ ದೇಶದಾದ್ಯಂತ ಎಕ್ಸಿಟ್ ಪೋಲ್ ಮಾಡಿಸಿದ ಲೋಕಸಭಾ ಚುನಾವಣೆ ಅದು. ದಿಲ್ಲಿಯಲ್ಲಿ ಬಿ.ಕಾಂ. ಓದುತ್ತಿದ್ದ ನಾನು ಬೇರೊಂದು ಸಣ್ಣ ಸಂಸ್ಥೆಗೆ ಒಂದು ದಿನದ ಕೂಲಿ. ಯಮುನೆಯ ಆಚೆ ಲಕ್ಷ್ಮೀನಗರದಲ್ಲಿ, ಮತಗಟ್ಟೆಯಿಂದ ದೂರ ನಿಂತು, ಹೊರಗೆ ಬರೋರಲ್ಲಿ ಪ್ರತಿ ಹತ್ತನೆಯವರನ್ನು ಕೇಳಬೇಕು. ಅಂಗಡಿಯವರು ನಾಲ್ಕು ಜನಕ್ಕೆ ಕೇಳೋ ಹಾಗೆ ಪಾರ್ಟಿ ಹೆಸರು ಹೇಳೋರು. ಹೆಂಗಸರನ್ನು ಕೇಳಿದರೆ ಪಕ್ಕದಲ್ಲಿದ್ದ ಗಂಡನೇ ಉತ್ತರ. ಮನೆಗೆಲಸದಾಕೆಯೊಬ್ಬಳು "ಅದೆಲ್ಲ ನಿಮಗ್ಯಾಕೆ ಭೈಯಾ?" ಅಂತ ಹಿಂದಿಯಲ್ಲಿ ಕೇಳಿ ನಡೆದೇಬಿಟ್ಟಳು. ಮುಂದಿನವರನ್ನು ಹಿಡಿ ಅಂದ ಸೂಪರ್‌ವೈಸರ್. ಫಾರಂ ತುಂಬಿತು. ಆಕೆ ಹೋದದ್ದಕ್ಕೆ ಗುರುತೇ ಇಲ್ಲ. ಬಾಯಿ ಬಿಡೋರು ಒಂದು ಥರದವರು, ಬಿಡದೋರು ಇನ್ನೊಂದು ಥರದವರು ಆಗಿದ್ದರೆ ಆ ಫಾರಮ್ಮಿನ ಗತಿ ಏನು?

2009ರ ತಿದ್ದುಪಡಿಯಲ್ಲಿ ಬಂದ 126ಎ ಕಲಂ ಪ್ರಕಾರ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗೋವರೆಗೆ ಫಲಿತಾಂಶ ಹೇಳೋ ಹಾಗಿಲ್ಲ. ಹೇಳಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಒಳ್ಳೇದೇ. ಆದರೆ ಈ ನಿಷೇಧ ಕಾಯೋದು ಮತದಾರನನ್ನು. ಆಮೇಲಿನ ಅನಾಹುತಕ್ಕೆ ಯಾರು ಹೊಣೆ?

2024ರ ಜೂನ್ 1ರ ಸಂಜೆ ಹೆಚ್ಚಿನ ಚಾನೆಲ್ಲುಗಳು ಎನ್‌ಡಿಎಗೆ 350 ದಾಟಿಸಿದವು. ಸೋಮವಾರ ಸೆನ್ಸೆಕ್ಸ್ 2,500 ಅಂಶ ಏರಿತು. ಮಂಗಳವಾರ ಎಣಿಕೆಯಲ್ಲಿ ಬಂದದ್ದು 293. ಒಂದೇ ದಿನ 4,389 ಅಂಶ ಕುಸಿತ! ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಸೋಮವಾರ ಬೆಳಿಗ್ಗೆಯೇ ಎಫ್.ಡಿ. ಮುರಿಸಿ ಷೇರು ಕೊಂಡಿದ್ದರು. "ಟೀವಿಲಿ ಎಲ್ಲರೂ ಹೇಳಿದರಲ್ರೀ" ಅಂದರು. ಮಾರ್ಕೆಟ್ಟು ಆಮೇಲೆ ಚೇತರಿಸಿಕೊಂಡಿತು ನಿಜ, ಅಷ್ಟರಲ್ಲಿ ಅವರು ಹೆದರಿ ಮಾರಿಯಾಗಿತ್ತು.

ಎಕ್ಸಿಟ್ ಪೋಲ್ ಪೂರ್ತಿ ನಿಲ್ಲಿಸಿ ಅನ್ನೋನಲ್ಲ ನಾನು. ಒಂದು ಸಣ್ಣ ಸಾಲಕ್ಕೂ ನಾವು ಹತ್ತು ಕಾಗದ ಕೇಳ್ತೀವಿ. ಕಂಪನಿಯ ಬ್ಯಾಲೆನ್ಸ್ ಶೀಟಿಗೂ ಕೆಳಗೆ ಟಿಪ್ಪಣಿ ಬೇಕು. ಹಾಗೇ ಇಲ್ಲೂ ಎಷ್ಟು ಜನರನ್ನು ನಿಲ್ಲಿಸಿದಿರಿ, ಎಷ್ಟು ಜನ ಹೇಳಲಿಲ್ಲ, ವೋಟನ್ನು ಸೀಟಿಗೆ ಹೇಗೆ ತಿರುಗಿಸಿದಿರಿ, ಇಷ್ಟನ್ನು ಆ ದೊಡ್ಡ ಅಂಕಿಯ ಕೆಳಗೇ, ಅಷ್ಟೇ ಹೊತ್ತು ತೋರಿಸಬೇಕು ಅಂತ ಆಯೋಗ ಕಡ್ಡಾಯ ಮಾಡಲಿ.